ಮೀಸಿ ಕಾಣೋ ಗಾಜು

ಆದೋನಿಯಾಗ ಕಂಪ್ಯೂಟರ್ ಮುಂದ ಕುಂತು ಗಾಜು ಮಾಡ್ತೀನಿ ಅಂದ್ರ ಯಾರರ ನಂಬ್ತಾರೇನ್ರಿ? ಜಾಹೀರಾತಿಗೆ ಬೇಕಾಗೋ ಅತ್ತರಿನ ಬಾಟ್ಲಿ, ಹೂಜಿ ಎಲ್ಲಾ ನಾ ಸ್ಕ್ರೀನಿನ ಮ್ಯಾಲ ಮಾಡ್ತೀನಿ. ಬೆಳಕು ಗಾಜಿನ್ಯಾಗ ಹಾದು ಏಳು ಬಣ್ಣ ಆಗಿ ಒಡೀತೈತಲ್ಲ, ಅದು ಖರೆ ಗಾಜಿನಂಗ ಕಾಣಬೇಕು. ಅದಕ್ಕ ದಿನಾ ಒಂದಿಲ್ಲೊಂದು ಫಜೀತಿ. ಈ ಕಸಬಿನ ದೆಸೆಯಿಂದ ನನ್ನ ಮದುವಿನೂ ತಪ್ಪೋದಿತ್ತು.

ಇಡ್ಲಿ ಹಿಟ್ಟು

ಒಂದೊಂದು ಬಣ್ಣದ ಕಿರಣಾನೂ ಬ್ಯಾರೆ ಬ್ಯಾರೆ ಲೆಕ್ಕ ಹಾಕೋದ್ರಾಗ ಕಂಪ್ಯೂಟರ್ ಇಡೀ ದಿನ ಗುರ್ ಅಂತೈತಿ, ಒಲಿಯಂಗ ಕಾಯ್ತೈತಿ. ಚಳಿಗಾಲ ಬಂತಂದ್ರ ನಮ್ಮವ್ವ ಹಿಟ್ಟಿನ ಡಬರಿ ತಂದು ಅದರ ಮಗ್ಗಲಕ್ಕ ಇಡಾಕ ಹತ್ತಿದ್ಲು. ಒಮ್ಮೆ ನನಗ ಕೆಲಸ ಇರಲಿಲ್ಲ.

"ಗಾಜು ಯಾವಾಗ ಮಾಡ್ತೀಯೋ? ಹಿಟ್ಟು ಉಬ್ಬವಲ್ದು," ಅಂದ್ಲು.

"ಯಾರೂ ಕೇಳಿಲ್ಲವ್ವ."

"ನಾ ಕೇಳಾಕತ್ತೀನಿ. ಒಂದು ಸಣ್ಣ ಬಾಟ್ಲಿನರ ಮಾಡು."

ಉಪ್ಪುನೀರು

ಎಮ್ಮಿಗನೂರಿಂದ ಸೀರಿ ತರೋ ನೇಕಾರ ಕಾಕಾ ಒಂದಿನ ಸ್ಕ್ರೀನಿಗೆ ಇಣುಕಿದ. ಹೂಜಿ ಅಂಚಿಗೆ ಕೆಂಪು, ನೀಲಿ ಗೆರಿ ಮೂಡಿದ್ವು. ಅದನ್ನ ತರಾಕ ನನ್ನ ತಲಿ ಕೆಟ್ಟು ಹೋಗಿತ್ತು. ಕಾಕಾ ನನ್ನ ಹೆಗಲ ಮ್ಯಾಲ ಕೈ ಇಟ್ಟ.

"ಬಣ್ಣ ಬಿಟ್ಟೈತಿ ತಮ್ಮಾ. ಬ್ಯಾಸರ ಮಾಡ್ಕೋಬ್ಯಾಡ. ಮೊದಲ ಸಲ ಉಪ್ಪುನೀರಾಗ ನೆನಸಬೇಕಿತ್ತು."

ಮಾಲು ನೋಡಾಕ ಬಂದ್ರು

ಮದುವಿಗೆ ನೋಡಿದ್ದು ಆಲೂರಿನ ಹುಡುಗಿ. ಆಕಿ ನನ್ನ ಒಪ್ಪಿದ್ಲು, ನಾನಂತೂ ಮೊದಲೇ ಒಪ್ಪಿದ್ದೆ. ಆಕಿ ಅಪ್ಪ ಹತ್ತಿ ವ್ಯಾಪಾರಿ. "ಹುಡುಗನ ಮಾಲು ನೋಡದ ಮಾತು ಕೊಡಂಗಿಲ್ಲ," ಅಂತ ಮನಿಗೇ ಬಂದ್ರು.

ಹತ್ತಿಯವರು ಒಳಗಿನ ಲೈಟು ನಂಬಂಗಿಲ್ಲ; ಚಲೋ ಸ್ಯಾಂಪಲ್ ತೋರಿಸಿ ಹಗುರ ಮಾಲು ಕಳಿಸೋದು ಅವರ ವ್ಯಾಪಾರದಾಗ ಇದ್ದದ್ದ. ಹಿಡಿ ಹತ್ತಿ ಕಿತ್ತುಕೊಂಡು ಬಿಸಿಲಿಗೆ ಹೋಗಿ, ಎಳಿ ಎಳೆದು ನೋಡ್ತಾರ. ನಾ ಲ್ಯಾಪ್‌ಟಾಪಿನಾಗ ನನ್ನ ಚಲೋ ಹೂಜಿ ತೆಗೆದು ಮುಂದಿಟ್ಟೆ. ಅವರು ಅದನ್ನ ಎರಡೂ ಕೈಲೆ ಎತ್ತಿಕೊಂಡು ಸೀದಾ ಅಂಗಳಕ್ಕ ನಡದ್ರು. ವೈರು ಕಿತ್ತು ಬಂತು. ಬ್ಯಾಟರಿ ಎಂದೋ ಸತ್ತಿತ್ತು. ಸ್ಕ್ರೀನು ಕರ್ರಗಾತು. ಮುಗೀತು ನನ್ನ ಮದುವಿ ಅನ್ಕೊಂಡೆ.

ಅವರು ಆ ಕಡಿ ಈ ಕಡಿ ವಾಲಿಸಿ ನೋಡಿದ್ರು. ಮೀಸಿ ತೀಡಿಕೊಂಡ್ರು.

"ಪರವಾಲೇದು, ಅಡ್ಡಿಯಿಲ್ಲ, ಮಾಲು ಗಟ್ಟಿ ಐತಿ. ನನ್ನ ಮೀಸಿ ಕೂದಲಾ ಒಂದೊಂದೂ ಕಾಣ್ತಾವ."

ನಾ ಬಾಯಿ ತೆಗೆದೆ. ಅವ್ವ ನನ್ನ ಕಾಲು ತುಳಿದು, "ಬೀಗರ, ಬಾಯಿ ಸಿಹಿ ಮಾಡ್ಕೊಳ್ರಿ," ಅಂತ ಲಾಡು ತಾಟು ಮುಂದ ಹಿಡಿದ್ಲು.

ಮದುವಿ ಆತು. ಹೆಂಡ್ತಿಗೆ ಎಲ್ಲಾ ಹೇಳೀನಿ. ಆಕಿ ಹೊಟ್ಟಿ ಹಿಡ್ಕೊಂಡು ನಕ್ಕಾಳ.

ಮೊನ್ನೆ ಮಾವ ಬಂದಾಗ ಅದೇ ಹೂಜಿ ಹೊಸ ಕಂಪ್ಯೂಟರಿನಾಗ ತಿರುಗ್ತಿತ್ತು, ಕಾಮನಬಿಲ್ಲು ಚೆಲ್ಲಿಕೋಂತ. ಬಾಳ ಹೊತ್ತು ನೋಡಿದ್ರು. ಆಮ್ಯಾಲ ಮಗಳನ್ನ ಅಡಿಗಿಮನಿಗೆ ಕರೆದು ಸಣ್ಣ ದನಿಲೆ ಕೇಳಿದ್ರು:

"ಏನವ್ವ, ಮನಿಯಾಗ ಎಲ್ಲಾ ಚಲೋ ಐತಿಲ್ಲ? ಅವತ್ತು ನಿನ್ನ ಗಂಡನ ಗಾಜಿನ್ಯಾಗ ಮೀಸಿ ಕಾಣ್ತಿತ್ತು. ಈಗ ಬರೇ ಬಣ್ಣ."

ಆಕಿ ಒಗ್ಗರಣಿ ಕೈಯಾಡಿಸಿಕೋಂತ ಅಂದ್ಲು: "ಅಪ್ಪಾ, ನೀನು ಹತ್ತಿ ವ್ಯಾಪಾರಿ. ಅವತ್ತು ತೋರಿಸಿದ್ದು ಸ್ಯಾಂಪಲ್."