ಮುನ್ನೂರನೆಯ ದೇಶ

ಭಾವನ ಕಂಪ್ಯೂಟರ್ ನಿಧಾನವಾಗಿದೆಯಲ್ಲ ಎಂದು ಶಿಹಾದೆಗೆ ಕನಿಕರ ಹುಟ್ಟಿದ್ದೇ ಎಲ್ಲಕ್ಕೂ ಮೂಲ. ಶುಕ್ರವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು, ಊಟ ಮುಗಿದು ಕಾಫಿ ಬರುವಷ್ಟರಲ್ಲಿ ಅದರಲ್ಲಿದ್ದ 'ಕಸ'ವನ್ನೆಲ್ಲ ಗುಡಿಸಿ ಹಾಕಿದ. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಎರಡು ಬಟ್ಟಲು ಕಾಫಿ ಹೆಚ್ಚಾಗಿಯೇ ಕುಡಿದ.

ಆ ಕಸದಲ್ಲಿ ಭಾವ ನಾಯಿಫನ ಪ್ರಾಣವೂ ಇತ್ತು.

ಸಲ್ತ್ ಪಟ್ಟಣದ ನೀರು ಇಲಾಖೆಯಲ್ಲಿ ನಾಯಿಫ್ ಒಬ್ಬ ಗುಮಾಸ್ತ. ಆದರೆ ಮನೆಯ ಹಿಂದಿನ ಕೋಣೆಯಲ್ಲಿ ಅವನು ಹವ್ಯಾಸಿ ರೇಡಿಯೊದ ದೊರೆ. ಇಪ್ಪತ್ತೆರಡು ವರ್ಷಗಳಲ್ಲಿ ಇನ್ನೂರ ತೊಂಬತ್ತೊಂಬತ್ತು ದೇಶ, ದ್ವೀಪಗಳನ್ನು ಮಾತಾಡಿಸಿದ್ದ. ಮುನ್ನೂರನೆಯದು ದಕ್ಷಿಣ ಸಮುದ್ರದ ಒಂದು ಬಂಡೆ. ಅಲ್ಲಿ ಮನುಷ್ಯರಿಲ್ಲ, ಪೆಂಗ್ವಿನ್‌ಗಳಿಗೆ ರೇಡಿಯೊ ಬೇಕಿಲ್ಲ. ಈ ಸಲ ಯಾರೋ ಪುಣ್ಯಾತ್ಮರು ರೇಡಿಯೊ ಹೊತ್ತು ಹಡಗು ಹತ್ತಿ ಹೋಗಿ ಹತ್ತು ದಿನ ಡೇರೆ ಹಾಕಿದ್ದರು. ಶನಿವಾರ ಮಧ್ಯಾಹ್ನ ಎರಡಕ್ಕೆ ಡೇರೆ ಕೀಳುವವರಿದ್ದರು. ಮತ್ತೆ ಅಲ್ಲಿಗೆ ಯಾರಾದರೂ ಹೋಗುವ ಹೊತ್ತಿಗೆ ನಾಯಿಫ್ ಇರುತ್ತಾನೋ ಇಲ್ಲವೋ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಕೂತವನು ಕೂಗಿದ ಕೂಗಿಗೆ ತಾರಸಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು.

"ನಿನ್ನ ತಮ್ಮನ ಕೈಗೆ ಬೆಂಕಿ ಬೀಳ!"

ಹೆಂಡತಿ ಉಮ್ ರಾಕಾನ್ ಬಾಗಿಲಲ್ಲಿ ಬಂದು ನಿಂತಳು. ಮಗ ರಾಕಾನನ ಹೆಸರಿನಿಂದ ಊರವರಿಗೆ ಅವಳು ಉಮ್ ರಾಕಾನ್, ನಾಯಿಫ್ ಅಬೂ ರಾಕಾನ್. "ಬೆಳಬೆಳಿಗ್ಗೆ ನನ್ನ ತವರಿನವರ ಸುದ್ದಿಗೆ ಯಾಕೆ ಬರ್ತೀರಿ?"

"ನನ್ನ ಸಾಫ್ಟ್‌ವೇರ್ ಅಳಿಸಿ ಹಾಕಿದಾನೆ! ಹತ್ತು ವರ್ಷದ ಸೆಟ್ಟಿಂಗು! ಮಂಗನ ಕೈಗೆ ಮಾಣಿಕ್ಯ ಸಿಕ್ಕಿದರೆ ಅದೂ ಮೂಸಿ ನೋಡಿ ಬಿಡುತ್ತೆ. ಇವನು ಅಗಿದು ಉಗಿದಿದಾನೆ!"

"ಪಾಪ, ಸಹಾಯ ಮಾಡೋಣ ಅಂತ ಮಾಡಿದಾನೆ," ಎಂದು ಅವಳು ಅಡುಗೆಮನೆಗೆ ನಡೆದಳು.

ಈಗಿನ ಕಾಲದ ರೇಡಿಯೊದಲ್ಲಿ ಬಾಯಿಗೆ ಹೆಚ್ಚು ಕೆಲಸವಿಲ್ಲ. ಕಂಪ್ಯೂಟರು ಅಕ್ಷರಗಳನ್ನು ಸಿಳ್ಳೆಯಾಗಿ ಮಾಡಿ ರೇಡಿಯೊಗೆ ಕೊಡುತ್ತದೆ, ರೇಡಿಯೊ ಅದನ್ನು ಆಕಾಶಕ್ಕೆ ಎಸೆಯುತ್ತದೆ. ದೂರದ ಇನ್ನೊಂದು ಕಂಪ್ಯೂಟರು ಆ ಸಿಳ್ಳೆಯನ್ನು ಕೇಳಿ ಮತ್ತೆ ಅಕ್ಷರ ಮಾಡಿಕೊಳ್ಳುತ್ತದೆ. ಹದಿನೈದು ಸೆಕೆಂಡು ಇವರ ಸರದಿ, ಹದಿನೈದು ಸೆಕೆಂಡು ಅವರದು. ಕೇಳುವುದಕ್ಕೆ ಸಲೀಸು. ಆದರೆ ಆಕಾಶದಲ್ಲಿ ಹೆಸರಿನ ಬದಲಿಗಿರುವ ಕರೆಸಂಕೇತ ಯಾವುದು, ಯಾವ ರೇಡಿಯೊ, ಯಾವ ಕೇಬಲ್ಲು, ಯಾವ ದಾರಿಯಲ್ಲಿ ಸದ್ದು ಒಳಕ್ಕೆ, ಯಾವ ದಾರಿಯಲ್ಲಿ ಹೊರಕ್ಕೆ ಎಂಬ ನೂರು ಪ್ರಶ್ನೆಗಳಿಗೆ ಉತ್ತರ ತುಂಬಿಸಬೇಕು. ಒಂದು ತಪ್ಪಿದರೂ ರೇಡಿಯೊ ಮುನಿಸಿಕೊಂಡ ಮಾವನ ಹಾಗೆ ಮುಖ ತಿರುಗಿಸಿ ಕೂರುತ್ತದೆ.

ಸಾಫ್ಟ್‌ವೇರನ್ನು ಮತ್ತೆ ಹಾಕಿಕೊಂಡು ಹತ್ತೂವರೆಗೆ ನಾಯಿಫ್ ಗುಂಡಿ ಒತ್ತಿದ. ಸಿಳ್ಳೆ ರೇಡಿಯೊಗೆ ಹೋಗುವ ಬದಲು ಮೇಜಿನ ಮೇಲಿನ ಸ್ಪೀಕರಿನಲ್ಲಿ, ಅದೂ ಪೂರ್ತಿ ದನಿಯಲ್ಲಿ ಊದಿತು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಮೇಲಿನ ಮನೆಯ ಮುದುಕಿ ಉಮ್ ಜಿರ್ಯಿಸ್!

"ಅಬೂ ರಾಕಾನ್, ಇದೇನಪ್ಪ? ಹಾವು ಆಡಿಸ್ತಿದೀಯಾ?"

"ರೇಡಿಯೊ ಅಮ್ಮಾ, ರೇಡಿಯೊ."

"ರೇಡಿಯೊ ಅಂದ್ರೆ ವಾರ್ತೆ ಬರಬೇಕು, ಹಾಡು ಬರಬೇಕು. ಇದು ಹೊಟ್ಟೆನೋವು ಬಂದ ಕತ್ತೆಮರಿ ಕೂಗಿದ ಹಾಗಿದೆ."

ನಾಯಿಫ್ ಹಲ್ಲು ಕಡಿದ. ಹನ್ನೊಂದೂವರೆಯಾದರೂ ಕೇಬಲ್ಲಿಗೂ ಕಂಪ್ಯೂಟರಿಗೂ ರಾಜಿಯಾಗಲಿಲ್ಲ. ಕೊನೆಗೆ ಮಾಡಬಾರದ ಕೆಲಸವೊಂದನ್ನು ಮಾಡಿದ. ಅಬೂ ಸಖರನಿಗೆ ಫೋನ್ ಮಾಡಿದ.

ಅಬೂ ಸಖರ್ ಅವನ ಹಳೆಯ ಗೆಳೆಯ, ಅದಕ್ಕಿಂತ ಹಳೆಯ ವೈರಿ. ಅವನ ದೇಶಗಳ ಲೆಕ್ಕವೂ ಇನ್ನೂರ ತೊಂಬತ್ತೊಂಬತ್ತಕ್ಕೇ ನಿಂತಿತ್ತು.

"ದಂತವೈದ್ಯರ ಹತ್ತಿರ ಇದೀನಪ್ಪ," ಎಂದು ಅವನು ನರಳಿದ. "ಎರಡು ದವಡೆ ಹಲ್ಲು ಕೀಳ್ತಾರಂತೆ. ಆ ದ್ವೀಪದ ಋಣ ನನಗಿಲ್ಲ ಬಿಡು. ನಿನಗಾದರೂ ಸಿಗಲಿ. ನಮ್ಮಿಬ್ಬರದೂ ಒಂದೇ ರೇಡಿಯೊ ತಾನೆ? ನನ್ನ ಸೆಟ್ಟಿಂಗಿನ ಫೈಲು ಫೋನಲ್ಲೇ ಇದೆ, ಕಳಿಸ್ತೀನಿ. ಹಾಗೇ ಹಾಕ್ಕೋ. ಏನೂ ಮುಟ್ಟಬೇಡ."

ನಾಯಿಫನ ಕಣ್ಣು ತೇವವಾಯಿತು. ಫೈಲು ಬಂತು, ಹಾಕಿದ. ರೇಡಿಯೊ ಕಂಪ್ಯೂಟರಿನ ಮಾತು ಕೇಳತೊಡಗಿತು. ಆದರೆ ಪರದೆ ಮಾತ್ರ ಖಾಲಿ. ಕಿವಿಗೆ ಸಿಳ್ಳೆಗಳು ಕೇಳುತ್ತಿವೆ, ಪರದೆಯ ಮೇಲೆ ಒಂದಕ್ಷರವೂ ಮೂಡುತ್ತಿಲ್ಲ. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಬೈದಳೆಂದು ಶಿಹಾದೆಯೇ ಓಡಿಬಂದ.

"ಭಾವ, ನಾನು ಏನೂ ಕೆಡಿಸಿಲ್ಲ. ಗಡಿಯಾರ ಕೂಡ ಸರಿ ಮಾಡಿದೀನಿ."

ನಾಯಿಫ್ ನಿಧಾನಕ್ಕೆ ತಿರುಗಿದ. "ಯಾವ ಗಡಿಯಾರ?"

"ಕಂಪ್ಯೂಟರಿದ್ದು. ನನ್ನ ಕೈಗಡಿಯಾರಕ್ಕಿಂತ ಆರು ಸೆಕೆಂಡು ಹಿಂದಿತ್ತು."

ಕಾದ ಎಣ್ಣೆಗೆ ನೀರು ಬಿದ್ದ ಹಾಗಾಯಿತು. "ಅಯ್ಯೋ ಅವಿವೇಕಿ! ಒಂದು ಸೆಕೆಂಡು ಆಚೀಚೆ ಆದ್ರೂ ಎಡವೋ ಆಟ ಇದು! ಇಡೀ ಜಗತ್ತು ಒಂದು ಗಡಿಯಾರ ನೋಡಿ ನಡೀತಿದ್ರೆ, ನೀನು ಸಂತೆಯಲ್ಲಿ ಕೊಂಡ ಗಡಿಯಾರ ನೋಡಿ ನಾನು ನಡೀಬೇಕಾ?" ಎಂದು ಚಪ್ಪಲಿಗೆ ಕೈ ಹಾಕಿದ. ಶಿಹಾದೆ ಅಕ್ಕನ ಹಿಂದೆ ಅಡಗಿದ.

ಗಡಿಯಾರ ತಿದ್ದಿದ್ದೇ ತಡ, ಪರದೆಯ ತುಂಬ ಇರುವೆ ಸಾಲಿನಂತೆ ಅಕ್ಷರಗಳು ಹರಿದವು. ನಡುವೆ ಅದೋ ಆ ದ್ವೀಪ! ನಾಯಿಫ್ ರೇಡಿಯೊದ ಶಕ್ತಿಯನ್ನೆಲ್ಲ ಏರಿಸಿ ಕರೆಯತೊಡಗಿದ. ಐದು ನಿಮಿಷಕ್ಕೆ ಉಮ್ ಜಿರ್ಯಿಸ್ ಮತ್ತೆ ಇಳಿದು ಬಂದಳು.

"ಯಾವ ದರಿದ್ರದವನೋ ನನ್ನ ಮನೆ ಗಂಟೆ ಒತ್ತಿ ಓಡಿಹೋಗ್ತಿದಾನೆ! ಹತ್ತು ಸಲ ಬಾಗಿಲು ತೆಗೆದೆ!"

ಅದು ತನ್ನ ರೇಡಿಯೊ ಅಲೆಯ ಕೆಲಸವೆಂದು ನಾಯಿಫನಿಗೆ ಗೊತ್ತಿತ್ತು. "ಇಲ್ಲೇ ಕೂತ್ಕೊಳ್ಳಿ ಅಮ್ಮಾ, ಬಾಗಿಲು ತೆಗೆಯೋ ಕಷ್ಟ ಇರಲ್ಲ," ಎಂದ. ಅವಳು ಕೂತೇಬಿಟ್ಟಳು. ಶಿಹಾದೆಯೂ ಇಣುಕಿದ. ಉಮ್ ರಾಕಾನ್ ಸೌಟು ಹಿಡಿದೇ ಬಂದಳು. ಗಂಟೆ ಒಂದಾಯಿತು, ಒಂದೂವರೆಯಾಯಿತು. ಒಂದು ಐವತ್ತೆರಡು. ಐವತ್ತನಾಲ್ಕು.

ಒಂದು ಐವತ್ತಾರಕ್ಕೆ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು. ದ್ವೀಪದ ಉತ್ತರ! ಕಂಪ್ಯೂಟರು ತಾನೇ ಮರುತ್ತರ ಕಳಿಸಿತು, ಅವರು ವಂದನೆ ಹೇಳಿದರು. ಮುಗಿಯಿತು. ಎರಡಕ್ಕೆ ದ್ವೀಪ ಮೌನವಾಯಿತು.

ನಾಯಿಫ್ ಶಿಹಾದೆಯನ್ನೇ ಅಪ್ಪಿಕೊಂಡ. ಉಮ್ ಜಿರ್ಯಿಸ್ ನಾಲಗೆ ಆಡಿಸಿ ಮದುವೆಮನೆಯ ಕೇಕೆ ಹಾಕಿದಳು. ಬೀದಿಯ ಅಂಗಡಿಯಿಂದ ಒಂದು ತಟ್ಟೆ ಬಿಸಿ ಕುನಾಫೆ ಸಿಹಿ ಬಂತು. ಸಕ್ಕರೆ ಪಾಕ ಗಡ್ಡಕ್ಕೆ ಇಳಿಯುತ್ತಿದ್ದಾಗ ಫೋನ್ ಬಡಿದುಕೊಂಡಿತು. ಅಬೂ ಸಖರ್. ದವಡೆ ಮರಗಟ್ಟಿ, ಮಾತು ಬಟ್ಟೆ ಸುತ್ತಿದಂತೆ ಬರುತ್ತಿತ್ತು.

"ಅಬೂ ರಾಕಾನ್, ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ. ಕುರ್ಚಿ ಮೇಲೆ ಬಾಯಿ ತೆರಕೊಂಡು ಮಲಗಿದ್ದೆ, ನನಗೆ ಮುನ್ನೂರನೇ ದೇಶ ಸಿಕ್ಕಿತು!"

"ನಿನಗಾ?"

"ದ್ವೀಪದವರು ಮಾತಾಡಿಸಿದವರ ಪಟ್ಟಿ ಇಂಟರ್‌ನೆಟ್ಟಿನಲ್ಲಿದೆ, ನೋಡು. ನನ್ನ ಫೈಲಿನಲ್ಲಿ ನನ್ನದೇ ಕರೆಸಂಕೇತ ಇತ್ತಲ್ಲ."

ನಾಯಿಫ್ ಪರದೆಗೆ ಮೂಗು ತಾಗುವಷ್ಟು ಬಾಗಿದ. ಇಬ್ಬರೂ ಒಂದೇ ದಿನ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು. ಇಬ್ಬರ ಸಂಕೇತದಲ್ಲೂ ಬೇರೆಯಾಗಿದ್ದುದು ಕೊನೆಯ ಅಕ್ಷರವೊಂದೇ. ಪರದೆಯ ಮೇಲಿದ್ದ ಅಕ್ಷರ ಅಬೂ ಸಖರನದು.

"ಕಳ್ಳ! ಮೋಸಗಾರ! ಈಗಲೇ ರೇಡಿಯೊ ಸಂಘಕ್ಕೆ ದೂರು ಕೊಡ್ತೀನಿ!"

"ಕೊಡಪ್ಪ, ಬೇಡ ಅಂದೋರು ಯಾರು? ನಾನು ಹಲ್ಲು ಕೀಳಿಸಿಕೊಳ್ತಿದ್ದೆ, ಅದಕ್ಕೆ ವೈದ್ಯರೇ ಸಾಕ್ಷಿ. ಬೇರೆಯವನ ಸಂಕೇತ ಹಾಕ್ಕೊಂಡು ಪ್ರಸಾರ ಮಾಡಿದವನು ಯಾರು ಅಂತ ಸಂಘದವರು ಕೇಳ್ತಾರೆ. ಅವನ ಪರವಾನಗಿ ಏನಾಗುತ್ತೆ ಅಂತ ನಿನಗೇ ಗೊತ್ತು."

ನಾಯಿಫ್ ಕುನಾಫೆಯ ತಟ್ಟೆಯನ್ನು ದೂರ ತಳ್ಳಿದ.

"ಇನ್ನೊಂದು ಮಾತು," ಎಂದ ಅಬೂ ಸಖರ್, ಬಲು ಪ್ರೀತಿಯಿಂದ. "ಮುಂದಿನ ಶನಿವಾರ ಇನ್ನೊಂದು ದ್ವೀಪ ಬರ್ತಿದೆಯಂತೆ. ನನಗೆ ಅವತ್ತು ಮೊಮ್ಮಗಳ ನಿಶ್ಚಿತಾರ್ಥ. ಆ ಸೆಟ್ಟಿಂಗು ಹಾಗೇ ಇರಲಿ. ನಿನ್ನ ಕೈಗುಣ ಚೆನ್ನಾಗಿದೆ."