ಮಗಳ ಅರ್ಹತೆಯ ಖಚಿತ ಮೂಲಗಳು

ಪತ್ರಿಕಾ ಕಚೇರಿಯಲ್ಲಿ ತಲೆ ನರೆಸಿಕೊಂಡವರಿಗೆ ಮನೆಯ ಜವಾಬ್ದಾರಿ ಕೊಡಬಾರದು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅದನ್ನು ಅವಳ ಅಭಿಪ್ರಾಯವೆಂದೇ ದಾಖಲಿಸುತ್ತಿದ್ದೇನೆ. ಇನ್ನೊಂದು ಕಡೆಯ ವಾದವೂ ಇರುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೌದೆನ್ನುವವರೆಗೆ ನಂಬಬೇಡಿ ಎಂದು ತುಮಕೂರಿನ ನಮ್ಮ ಡೆಸ್ಕಿನಲ್ಲಿ ಹೊಸಬರಿಗೆ ಹೇಳಿಕೊಡುವವನು ನಾನು. ಸಾರಿಗೆ ಉಪ್ಪು ಸರಿಯಿದೆ ಎಂದು ಹೆಂಡತಿ ಹೇಳಿದರೂ ಮಗಳನ್ನೊಮ್ಮೆ ಕೇಳಿಯೇ ಬಡಿಸಿಕೊಳ್ಳುತ್ತೇನೆ.

ಮಗಳು ಸಿಂಚನ ಸೆಕೆಂಡ್ ಪಿಯುಸಿ. ಆರ್ಕಿಟೆಕ್ಚರ್ ಓದುವ ಆಸೆಯಿಂದ, ಚಿತ್ರವನ್ನೂ ಬರೆಸುವ ಅದರ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಳು. ಇರುವೆಯ ಕಣ್ಣಿಗೆ ಅಡುಗೆಮನೆ ಹೇಗೆ ಕಾಣುತ್ತದೆಂದು ಚಿತ್ರ ಬರೆಯಲು ಒಲೆಯ ಕಟ್ಟೆಯ ಕೆಳಗೆ ಅಂಗಾತ ಮಲಗುವಳು. “ಏಳೇ, ಒಗ್ಗರಣೆ ಸಿಡೀತದೆ” ಎನ್ನುತ್ತ ಅವಳಮ್ಮ ಅವಳನ್ನು ದಾಟಿಕೊಂಡು ಓಡಾಡುವಳು. ಚಿತ್ರದ ಚಿಂತೆ ನನಗಿರಲಿಲ್ಲ. ಪಿಯುಸಿ ಫಲಿತಾಂಶಕ್ಕೆ ಮೊದಲೇ ಈ ಪರೀಕ್ಷೆ ಬರೆಯಬಹುದೇ ಎಂಬುದು ಪ್ರಶ್ನೆ. ಅರ್ಜಿಗೆ ಆ ವಾರವೇ ಕೊನೆ. ತಪ್ಪಿದರೆ ಅವಳ ಒಂದು ವರ್ಷ ಹೋದಂತೆ.

“ಬರೀಬಹುದು ಅಂತ ಮಾಹಿತಿ ಪುಸ್ತಿಕೇಲೇ ಇದೆ ಅಪ್ಪಾ.”

“ಅದು ಪರೀಕ್ಷೆ ನಡೆಸೋರ ಹೇಳಿಕೆ. ಒಂದೇ ಕಡೆಯದು” ಎಂದೆ.

ಗುಬ್ಬಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಭಾವಮೈದ ರೇಣುಕಪ್ಪನಿಗೆ ಫೋನ್ ಮಾಡಿದೆ. ಕಟ್ಟಡದ ವಿಷಯವಲ್ಲವೇ! “ರಿಸಲ್ಟೇ ಬರ್ದೆ ಎಂಗ್ ಬರೀತಾಳೆ ಭಾವ? ಪಿಲ್ಲರ್ ಇಲ್ದೆ ಮೋಲ್ಡ್ ಹಾಕಾಕಾಯ್ತದಾ?” ಎಂದ. ಕುಣಿಗಲ್ಲಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್ ಆಗಿರುವ ದೊಡ್ಡಪ್ಪನ ಮಗ ಮಹಾದೇವಣ್ಣ ಇದಕ್ಕೆ ವಿರುದ್ಧ. “ಧಾರಾಳವಾಗಿ ಬರೀಲಿ ಕಣೋ. ಪಿಯುಸಿ ಪಾಸಾಗ್ದಿದ್ರೆ ಸೀಟ್ ಕೊಡಲ್ಲ, ಅಷ್ಟೇಯ.” ಹಾಗೆಂದು ಯಾರು ಹೇಳಿದರು ಎಂದು ಕೇಳಿದೆ. “ಯಾರೇನ್ಲಾ ಹೇಳೋದು? ನಿಮ್ ಪೇಪರ್ನಾಗೇ ಬಂದಿತ್ತಲ್ಲ!”

ಕಚೇರಿಯಲ್ಲಿ ಹಳೆಯ ಸಂಚಿಕೆ ತೆಗೆದು ನೋಡಿದೆ. ಸುದ್ದಿ ಇತ್ತು. ಅದನ್ನು ತಿದ್ದಿ ಪುಟಕ್ಕೆ ಹಾಕಿದವನು ನಾನೇ. ನನಗೆ ನಾನೇ ಮೂಲವಾಗುವುದು ವೃತ್ತಿಧರ್ಮಕ್ಕೆ ಒಪ್ಪುವುದಿಲ್ಲವಾದ್ದರಿಂದ ಕೈಬಿಟ್ಟೆ. ಹಾಗೆ ಕೈಬಿಡುತ್ತ, ಮತ್ತೆ ವಿಚಾರಿಸುತ್ತ ಕೊನೆಯ ದಿನವೂ ಸಂಜೆಯಾಯಿತು. ಮಗಳಿಗೆ ಯಾವ ಮುಖ ತೋರಿಸಲಿ ಎಂದುಕೊಂಡು ಮನೆಗೆ ಬಂದೆ.

“ನಿನ್ನ ವಿಷಯ ಇನ್ನೂ ಖಚಿತವಾಗಿಲ್ಲಮ್ಮ” ಎಂದೆ, ತಲೆ ತಗ್ಗಿಸಿ.

“ಸೋಮವಾರವೇ ಅರ್ಜಿ ಹಾಕಾಯ್ತು ಅಪ್ಪಾ. ಅಮ್ಮ ದುಡ್ಡು ಕಟ್ಟಿದ್ಳು. ಹಾಲ್ ಟಿಕೆಟ್ ಬರತ್ತೆ, ಬಿಡಿ.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಅಮ್ಮನ್ನ ಕೇಳ್ತಿದ್ರಿ. ಅಮ್ಮ ಹೌದು ಅಂದ್ರೆ ಗುಬ್ಬಿಗೆ ಫೋನ್ ಮಾಡ್ತಿದ್ರಿ” ಎಂದಳು, ಚಿತ್ರದಿಂದ ತಲೆಯೆತ್ತದೆ.

ಎದೆಯ ಭಾರ ಇಳಿಯುವಷ್ಟರಲ್ಲಿ ಗುಬ್ಬಿಯಿಂದಲೇ ಫೋನ್ ಬಂತು. “ಭಾವ, ನಮ್ಮಂಗ್ಡಿಗೆ ಚೇಳೂರಿನೋರೊಬ್ರು ಬಂದವ್ರೆ. ಅವ್ರ ಮಗಂದೂ ಇದೇ ಕತೆ. ರಿಸಲ್ಟ್‌ಗೆ ಮುಂಚೆ ಬರೀಬೋದಾ?”

ಗಂಟಲು ಸರಿಮಾಡಿಕೊಂಡೆ. “ಬರೀಬಹುದು. ಖಚಿತ ಮೂಲದಿಂದ ತಿಳಿದುಬಂದಿದೆ.”

“ಯಾರ್ ಭಾವ ಅದು?”

“ಹೆಸರು ಹೇಳುವ ಹಾಗಿಲ್ಲ” ಎಂದೆ. ಮೂಲವು ನನ್ನೆದುರಿಗೇ ಕುಳಿತು, ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ನಗು ತಡೆಯುತ್ತಿತ್ತು.