ಐದು ದಿನದ ಅಮ್ಮ

ನನ್ನ ದನಿ ಸ್ವಲ್ಪ ಜೋರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ಹೇಳಿ ಹೀಗಾಯಿತು ಎಂದು ನಾನು ಹೇಳುತ್ತೇನೆ; ಕೆಲಸ ಸಿಗುವ ಮೊದಲೂ ಹೀಗೇ ಇತ್ತು ಎಂದು ಹೆಂಡತಿ ಹೇಳುತ್ತಾಳೆ. ಮಗಳನ್ನು ಊಟಕ್ಕೆ ಕರೆದರೆ ಪಕ್ಕದ ಮನೆಯವರು ಎದ್ದು ಕೈ ತೊಳೆದುಕೊಳ್ಳುತ್ತಾರೆ.

ಕಳೆದ ತಿಂಗಳು ಐದು ವರ್ಷದ ಆ ಮಗಳಿಗೆ ಜ್ವರ ಬಂದು ಅಂಗೈ, ಅಂಗಾಲು, ಬಾಯೊಳಗೆಲ್ಲ ಗುಳ್ಳೆ ಎದ್ದವು. ದಾವಣಗೆರೆಯ ನಮ್ಮ ಡಾಕ್ಟರು, "ಕೈ, ಕಾಲು, ಬಾಯಿ ರೋಗ. ವೈರಸ್ಸು, ತಾನೇ ಹೋಗ್ತೈತ್ರಿ. ಆದ್ರೆ ನೀರು, ಮಜ್ಜಿಗೆ ಒಳಗೆ ಹೋಗ್ಲಿಲ್ಲ ಅಂದ್ರೆ ಸಂಜೆ ಅಡ್ಮಿಟ್ ಮಾಡ್ಬೇಕಾಗ್ತೈತೆ" ಎಂದರು. ಮಗಳು ಬಾಯಿ ಬಿಗಿಹಿಡಿದಳು. ವೈರಸ್ಸಿನ ವಿಷಯ ವಿವರಿಸಿದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ, ಕೊನೆಗೆ ಗದರಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಹರಿಹರದಿಂದ ನಮ್ಮ ಅತ್ತೆ ಬೇವಿನ ಸೊಪ್ಪಿನ ಸಮೇತ ಬಂದರು. ರೋಗದ ಹೆಸರು ಹೇಳಿದೆ. "ಕಾಲುಬಾಯಿ ಬ್ಯಾನೆ ದನಕ್ಕೆ ಬರಾದ್ರಿ. ಕೂಸಿಗೆ ಬರಾದು ಅಮ್ಮ. ಆಕಿ ಮನ್ಯಾಗೆ ಇರೋತನಕ ಒಗ್ಗರಣೆ ಹಾಕಬ್ಯಾಡ್ರಿ, ಜೋರಾಗಿ ಮಾತಾಡಬ್ಯಾಡ್ರಿ" ಎಂದರು. ನಾನು ವಿಜ್ಞಾನದ ಮೇಷ್ಟ್ರು. ಬಾಯಿ ತೆರೆದೆ, ಹೆಂಡತಿಯ ಮುಖ ನೋಡಿ ಮುಚ್ಚಿದೆ.

ಕಿಟಕಿಗೆ ಸಿಕ್ಕಿಸಿದ ಬೇವಿನೆಲೆಯ ನೆರಳು ಮಗಳ ಹೊದಿಕೆಯ ಮೇಲೆ ತೂಗುತ್ತಿತ್ತು. ಟಿವಿ ಇಲ್ಲ, ಸಾಸಿವೆ ಸಿಡಿಯುವ ಸದ್ದಿಲ್ಲ, ನಾನೂ ಇಲ್ಲದ ಹಾಗೆ. ಬೀದಿಯ ಆಟೋಗಳ ಸದ್ದು ಯಾವುದೋ ದೂರದ ಊರಿನದು ಎನಿಸುತ್ತಿತ್ತು. ನಮ್ಮ ಮನೆ ಇಷ್ಟು ಮೆತ್ತಗೆ ಉಸಿರಾಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ಮಜ್ಜಿಗೆ ಲೋಟವನ್ನು ಮೊಮ್ಮಗಳ ಮುಂದಿಟ್ಟು ಕೈಮುಗಿದರು. "ತಪ್ಪಾತು ನನ್ನವ್ವ, ಒಂದು ಗುಟುಕು ತಗಾ ತಾಯಿ."

ಮಗಳು ಅಜ್ಜಿಯನ್ನೇ ಬೆರಗಿನಿಂದ ನೋಡಿ ಒಂದು ಗುಟುಕು ಕುಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಪಪ್ಪನೂ ಹೇಳ್ಲಿ" ಎಂದಳು.

ಸಂಜೆ ಹತ್ತಿರವಾಗುತ್ತಿತ್ತು. ವಿಜ್ಞಾನವನ್ನು ಹೊಸಿಲಾಚೆ ನಿಲ್ಲಿಸಿ ಮಂಡಿಯೂರಿದೆ. ಕೈಮುಗಿದು, ನನಗೇ ಕೇಳಿಸದಷ್ಟು ಮೆಲ್ಲಗೆ, "ತಪ್ಪಾತು ತಾಯಿ" ಎಂದೆ. ಮಗಳಿಗೆ ಹಾಗೆ ಹೇಳಿದ್ದು ಅದೇ ಮೊದಲು. ಲೋಟ ಖಾಲಿಯಾಯಿತು, ನನ್ನ ಕಣ್ಣು ತುಂಬಿತು. ಆಸ್ಪತ್ರೆಯ ಮಾತು ಮತ್ತೆ ಬರಲಿಲ್ಲ.

ಐದು ದಿನ ಕನಸಿನಲ್ಲಿ ಓಡಾಡಿದ ಹಾಗೆ ಕಳೆದವು. ಗುಳ್ಳೆಗಳೆಲ್ಲ ಒಣಗಿದ ಮೇಲೆ ಅತ್ತೆ ಬೇವಿನ ನೀರು ಹಾಕಿ, ಅಮ್ಮನನ್ನು ಕಳಿಸಿಕೊಟ್ಟು, ತಾವೂ ಹರಿಹರದ ಬಸ್ಸು ಹತ್ತಿದರು. ಡಾಕ್ಟರು ಶಾಲೆಗೆ ಕಳಿಸಬಹುದು ಎಂದ ಮರುದಿನ ಬೆಳಿಗ್ಗೆ ಶಾಲೆಯ ಆಟೋ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಮಗಳ ಒಂದು ಶೂ ಸಿಗಲಿಲ್ಲ. ನನ್ನ ದನಿ ತಾನಾಗಿ ಮೇಲೇರಿತು.

ಅವಳು ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಒಂದೂ ಇಲ್ಲ" ಎಂದು ಬೇಜಾರಿನಿಂದ ಹೇಳಿ, "ಪಪ್ಪ, ಅಮ್ಮ ಮತ್ತೆ ಯಾವಾಗ ಬರ್ತಾಳೆ?" ಎಂದು ಕೇಳಿದಳು.

ನಾನು ಶೂ ಹುಡುಕುವ ನೆಪದಲ್ಲಿ ಮಂಚದ ಕೆಳಗೆ ನುಗ್ಗಿದೆ.